ಪಟ್ಟಿ ಕವಚವೋ, ಸರಪಳಿ ಅಂಗಿಯೋ: ಎರಡನ್ನೂ ತೊಟ್ಟವನ ಮಾತು

ನನ್ನ ರೋಮನ್ ಸೈನಿಕನ ವೇಷದ ಪಟ್ಟಿ ಕವಚ ಮಾರಾಟಕ್ಕಿದೆ. ಯಾರಾದರೂ ಕೊಳ್ಳುವುದಾದರೆ ಹೊರಗಿನ ಹೊಳಪು ತೋರಿಸುವ ಮುಂಚೆ ಅದನ್ನು ಮಗುಚಿ ಒಳಗಿನ ತೊಗಲು ತೋರಿಸುತ್ತೇನೆ. ನನಗೆ ಹಾಗೆ ತೋರಿಸುವವರು ಯಾರೂ ಇರಲಿಲ್ಲ.

ಇಂಗ್ಲೆಂಡಿನ ನ್ಯೂಕಾಸಲ್‌ಗೆ ಬಂದ ಎರಡನೇ ವರ್ಷ, ರೋಮನ್ ಸೈನಿಕರ ವೇಷ ತೊಟ್ಟು ಕೋಟೆಗಳ ಹತ್ತಿರ ಪ್ರಾತ್ಯಕ್ಷಿಕೆ ಕೊಡುವ ಒಂದು ತಂಡ ಸೇರಿಕೊಂಡೆ. ಕ್ರಿ.ಶ. 122ರಲ್ಲಿ ರೋಮನ್ ಚಕ್ರವರ್ತಿ ಹ್ಯಾಡ್ರಿಯನ್ ಶುರು ಮಾಡಿಸಿದ ಗಡಿ ಗೋಡೆ ಈ ಊರನ್ನು ಹಾದೇ ಹೋಗುತ್ತದೆ, ಹಾಗಾಗಿ ಈ ಹುಚ್ಚು ಹಿಡಿದವರಿಗೆ ಇಲ್ಲಿ ಬರವಿಲ್ಲ. ಫೋಟೋ ನೋಡಿದ ಅಮ್ಮ, "ಯಾವ ಮೇಳ ಸೇರ್ಕೊಂಡ್ಯಾ ಮಾರಾಯಾ?" ಅಂದರು. ತಪ್ಪೇನಿಲ್ಲ. ಪಟ್ಟಿ ಕವಚ ತೊಡುವುದು ಥೇಟ್ ಚೌಕಿಯಲ್ಲಿ ವೇಷ ಕಟ್ಟಿಸಿಕೊಂಡ ಹಾಗೆಯೇ, ಹಿಂದೆ ಒಬ್ಬ ನಿಂತು ಬಿಗಿಯಬೇಕು.

ರೋಮನ್ ಸೈನಿಕ ಅಂದ ತಕ್ಷಣ ಎಲ್ಲರ ಕಣ್ಣಿಗೆ ಬರುವುದು ಈ ಕವಚವೇ. ಅಡ್ಡಡ್ಡ ಕಬ್ಬಿಣದ ಪಟ್ಟಿಗಳು, ಭುಜದ ಮೇಲೆ ಬಾಗಿದ ಹಾಳೆಗಳು, ಹಿತ್ತಾಳೆಯ ಕೀಲು, ಬಕಲ್ಲು. ರೋಮಿನಲ್ಲಿರುವ ಚಕ್ರವರ್ತಿ ಟ್ರಾಜನ್‌ನ ಸ್ತಂಭದ ಕೆತ್ತನೆಯಲ್ಲಿ ಲೀಜನ್ (ರೋಮನ್ ಸೈನ್ಯದ ಮುಖ್ಯ ಪಡೆ) ಸೈನಿಕರೆಲ್ಲ ಇದನ್ನೇ ತೊಟ್ಟಿದ್ದಾರೆ. ಇದಕ್ಕೀಗ 'ಲೋರಿಕಾ ಸೆಗ್ಮೆಂಟಾಟಾ' ಅನ್ನುತ್ತಾರಾದರೂ ಆ ಹೆಸರು ರೋಮನ್ನರದಲ್ಲ, ಬಹಳ ಕಾಲದ ನಂತರದ ವಿದ್ವಾಂಸರು ಇಟ್ಟದ್ದು. ಒಳಗೆ ಹೇಗೆ ಜೋಡಿಸಿದ್ದರು ಅನ್ನುವುದು ಸರಿಯಾಗಿ ಗೊತ್ತಾಗಿದ್ದು 1964ರಲ್ಲಿ, ಇಲ್ಲೇ ಹತ್ತಿರದ ಕಾರ್‌ಬ್ರಿಡ್ಜ್‌ನಲ್ಲಿ ಇಂಥ ಕವಚದ ತುಂಡುಗಳಿದ್ದ ಮರದ ಪೆಟ್ಟಿಗೆಯೊಂದು ಸಿಕ್ಕಿದ ಮೇಲೆ. ನಾನು ಕೊಂಡದ್ದೂ ಆ ಮಾದರಿಯದೇ. ಬಂದದ್ದು ಮಾತ್ರ ಡೆಹ್ರಾಡೂನ್‌ನಿಂದ. ಇಲ್ಲಿ ರೋಮನ್ ವೇಷ ಹಾಕುವವರ ಮೈಮೇಲಿನ ಕಬ್ಬಿಣ ಸಾಕಷ್ಟು ನಮ್ಮ ದೇಶದ್ದೇ. ಭಾರತದವನು ಭಾರತದ ಕವಚಕ್ಕೆ ಬ್ರಿಟನ್ನಿನ ಸುಂಕ ಕಟ್ಟಿ ರೋಮನ್ ಆದೆ.

ಮೊದಲ ಎರಡು ವಾರಾಂತ್ಯ ರಾಜನ ಹಾಗಿದ್ದೆ. ಮೂರನೆಯದಕ್ಕೆ ಮಳೆ ಬಂತು.

ಹೊಟ್ಟೆಯ ಸುತ್ತ ಬರುವ ಪಟ್ಟಿಗಳು ಒಂದಕ್ಕೊಂದು ನೇರವಾಗಿ ಸೇರಿಕೊಂಡಿರುವುದಿಲ್ಲ. ಒಳಗೆ ಉದ್ದಕ್ಕೆ ಇಳಿಬಿಟ್ಟ ತೊಗಲಿನ ಪಟ್ಟಿಗಳಿಗೆ ರಿವೆಟ್ ಹೊಡೆದು ತೂಗುಹಾಕಿರುತ್ತಾರೆ. ಇಡೀ ಕವಚದ ಜೀವ ಇರುವುದು ಆ ತೊಗಲಿನಲ್ಲಿ. ನನ್ನದರಲ್ಲಿ ಹಾಕಿದ್ದು ಚಪ್ಪಲಿಯ ಅಸ್ತರಿಗೆ ಹಾಕುವಂಥ ತೆಳು ತೊಗಲು. ನೆನೆದದ್ದೇ ತಡ, ಹಿಗ್ಗಿತು. ರಿವೆಟ್ಟಿನ ತೂತು ಉದ್ದವಾಯಿತು. ಕೆಳಗಿನ ಪಟ್ಟಿಗಳು ಒಂದೊಂದಾಗಿ ಜಾರಿ ಸೊಂಟದ ಮೂಳೆಯ ಮೇಲೆ ಕೂತವು. ಗುರಾಣಿಗಳನ್ನೇ ಚಿಪ್ಪಿನಂತೆ ಜೋಡಿಸುವ ಆಮೆ ವ್ಯೂಹ ತೋರಿಸೋಣ ಅಂತ ಬಗ್ಗಿದರೆ ಕೊನೆಯ ಪಟ್ಟಿ ತೊಡೆಗೆ ಒತ್ತುತ್ತದೆ, ಎದ್ದರೆ ಎರಡು ಪಟ್ಟಿಗಳ ನಡುವೆ ಹೊಟ್ಟೆಯ ಚರ್ಮ ಚಿವುಟುತ್ತದೆ. ಮುಂದಿನ ಸಾಲಿನಲ್ಲಿದ್ದ ಒಂದು ಮಗು ಹತ್ತಿರ ಬಂದು, ಮೂರನೇ ಮತ್ತು ನಾಲ್ಕನೇ ಪಟ್ಟಿಯ ನಡುವೆ ಬೆರಳು ತೂರಿಸಿ, "ಇಲ್ಲಿ ಚುಚ್ಚಿದರೆ ನೀನು ಸಾಯ್ತೀಯ" ಅಂತ ತೀರ್ಪು ಕೊಟ್ಟಿತು.

ಮಾರಿದವರಿಗೆ ಫೋಟೋ ಕಳಿಸಿದೆ. "ತೊಗಲಲ್ಲವಾ ಸಾರ್, ಚೆನ್ನಾಗಿ ಬಿಸಿಲಿಗೆ ಒಣಗಿಸಿ" ಅಂತ ಉತ್ತರ ಬಂತು. ನಾರ್ತಂಬರ್‌ಲ್ಯಾಂಡಿನಲ್ಲಿ ಬಿಸಿಲು!

ಸರಿ, ನಾನೇ ರಿಪೇರಿಗೆ ಕೂತೆ. ಏಳು ಜೊತೆ ಪಟ್ಟಿ, ಎಡಕ್ಕೆ 21, ಬಲಕ್ಕೆ 21 ರಿವೆಟ್. ಒಂದೊಂದರ ತಲೆಯನ್ನೂ ಅರದಿಂದ ಉಜ್ಜಿ ತೆಗೆಯಬೇಕು, ದಪ್ಪ ತೊಗಲಿಗೆ ತೂತು ಹೊಡೆಯಬೇಕು, ತಾಮ್ರದ ರಿವೆಟ್ ಕೂರಿಸಿ ಸುತ್ತಿಗೆಯಲ್ಲಿ ತಟ್ಟಬೇಕು. ಒಂದು ರಿವೆಟ್ ಸೊಟ್ಟ ಕೂತರೆ ಪಟ್ಟಿಯೇ ವಾಲುತ್ತದೆ, ಮತ್ತೆ ಕಿತ್ತು ಹಾಕಬೇಕು. ಒಂದು ಸಂಜೆಗೆ ಐದಾದರೆ ಹೆಚ್ಚು, ಯಾಕೆಂದರೆ ಎಂಟು ಗಂಟೆಯಾದ ಮೇಲೆ ಕೆಳಮನೆಯವರು ಕೋಲಿನಿಂದ ಚಾವಣಿ ಕುಟ್ಟುತ್ತಾರೆ. ಅಷ್ಟರಲ್ಲಿ ಎಡಭುಜದ ಹಿತ್ತಾಳೆ ಕೀಲೂ ಕಿತ್ತುಬಂತು. ಒಂದೇ ಸಮಾಧಾನ: ಕಾರ್‌ಬ್ರಿಡ್ಜ್ ಪೆಟ್ಟಿಗೆಯ ತುಂಡುಗಳಲ್ಲೂ ಕೀಲು ಮುರಿದ ಕಡೆ ಬರೀ ರಿವೆಟ್ ಹೊಡೆದು ಕೆಲಸ ಸಾಗಿಸಿದ ಗುರುತುಗಳಿವೆ. ಅಂದರೆ 1,900 ವರ್ಷದ ಹಿಂದೆಯೂ ಯಾವನೋ ಒಬ್ಬ ಇದೇ ಸೀಮೆಯ ಚಳಿಯಲ್ಲಿ ಕೂತು ಇದನ್ನೇ ತಟ್ಟಿದ್ದಾನೆ. ನಂತರ ಬಂದ, ನ್ಯೂಸ್ಟೆಡ್ ಅಂತ ಕರೆಯುವ ಪಟ್ಟಿ ಕವಚದ ಮಾದರಿಯಲ್ಲಿ ಈ ಸಣ್ಣಪುಟ್ಟ ಕೀಲು, ಬಕಲ್ಲುಗಳನ್ನು ಕಡಿಮೆ ಮಾಡಿದರು. ಮಾಡದೆ ಇರುತ್ತಾರೆಯೇ.

ಸರಪಳಿ ಅಂಗಿ, ಅಂದರೆ 'ಲೋರಿಕಾ ಹಾಮಾಟಾ', ಕೊಂಡದ್ದು ಈ ಸಿಟ್ಟಿನಲ್ಲೇ. ಒಂದು ಸಾಲು ಬಾಯಿಲ್ಲದ ಗಟ್ಟಿ ಬಳೆ, ಮುಂದಿನ ಸಾಲು ರಿವೆಟ್ ಹೊಡೆದು ಮುಚ್ಚಿದ ಬಳೆ, ಪ್ರತಿ ಬಳೆಯೂ ಸುತ್ತಲಿನ ನಾಲ್ಕಕ್ಕೆ ಸಿಕ್ಕಿಕೊಂಡಿರುತ್ತದೆ. ಮುರಿಯುವ ಕೀಲಿಲ್ಲ, ಹಿಗ್ಗುವ ತೊಗಲಿಲ್ಲ. ಅಗ್ಗಕ್ಕೆ ಸಿಗುವ, ತುದಿಗೆ ತುದಿ ಮುಟ್ಟಿಸಿ ಬಿಟ್ಟ ಬಳೆಗಳ ಅಂಗಿ ಮಾತ್ರ ಬೇಡವೇ ಬೇಡ. ಗೆಳೆಯನದನ್ನು ಒಂದು ದಿನ ತೊಟ್ಟು ಸಂಜೆ ಹುಲ್ಲಿನಲ್ಲಿ ಬಳೆ ಹೆಕ್ಕಿದ್ದೇನೆ.

ತೂಕದಲ್ಲಿ ಪಟ್ಟಿ ಕವಚವೇ ಗೆಲ್ಲುತ್ತದೆ, ಸುಳ್ಳು ಹೇಳುವುದಿಲ್ಲ. ಮನೆಯ ತಕ್ಕಡಿಯಲ್ಲಿ ಅದು ಏಳೂವರೆ ಕಿಲೋ, ಸರಪಳಿ ಅಂಗಿ ಹನ್ನೊಂದು. ಬೆಲ್ಟಿಲ್ಲದೆ ತೊಟ್ಟರೆ ಅರ್ಧ ಗಂಟೆಗೆ ಹೆಗಲು ಬಿದ್ದುಹೋಗುತ್ತದೆ. ಉಪಾಯ ಏನೆಂದರೆ, ಬೆಲ್ಟ್ ಬಿಗಿದ ಮೇಲೆ ಅಂಗಿಯನ್ನು ಮೇಲಕ್ಕೆಳೆದು ಸ್ವಲ್ಪ ಜೋಲುಬಿಡಬೇಕು. ಆಗ ಭಾರ ಸೊಂಟಕ್ಕೆ ಇಳಿಯುತ್ತದೆ. ಬಿಚ್ಚುವಾಗ ಮುಂದಕ್ಕೆ ಬಗ್ಗಿ ಮೈ ಅಲುಗಾಡಿಸಿದರೆ ಹಾವಿನ ಪೊರೆಯ ಹಾಗೆ ತಾನೇ ಜಾರುತ್ತದೆ, ಜೊತೆಗೆ ನಾಲ್ಕು ಕೂದಲನ್ನೂ ಕಿತ್ತುಕೊಂಡು ಹೋಗುತ್ತದೆ.

ತುಕ್ಕಿನ ವಿಷಯದಲ್ಲಿ ಒಂದು ಪೆದ್ದುತನ ಒಪ್ಪಿಕೊಳ್ಳಬೇಕು. ಮನೆಯಲ್ಲಿದ್ದ ಕೊಬ್ಬರಿ ಎಣ್ಣೆಯನ್ನೇ ಧಾರಾಳವಾಗಿ ಸವರಿದೆ. ಇಲ್ಲಿನ ಚಳಿಗೆ ಅದು ಬೆಳಗಾಗುವಷ್ಟರಲ್ಲಿ ಬೆಳ್ಳಗೆ ಹೆಪ್ಪುಗಟ್ಟಿ, ಪ್ರತಿ ಬಳೆಯ ಕಣ್ಣಿನಲ್ಲೂ ಮೇಣ ತುಂಬಿದ ಹಾಗಾಗಿತ್ತು. ಈಗ ಹೊಲಿಗೆ ಯಂತ್ರದ ಎಣ್ಣೆ. ತುಕ್ಕು ಬಂದರೆ ಮುಚ್ಚಳವಿರುವ ಡಬ್ಬಿಗೆ ಒಣ ಮರಳು ಹಾಕಿ, ಅಂಗಿ ತುರುಕಿ, ಕಾಲಿನಲ್ಲಿ ಉರುಳಿಸುತ್ತೇನೆ. ಹತ್ತು ನಿಮಿಷ. ಪಟ್ಟಿ ಕವಚವನ್ನು ಹಾಗೆ ಉರುಳಿಸಿ ನೋಡಿ!

ಇನ್ನು ಒಳಗಿನ ಬಟ್ಟೆ. ಮೊದಲು ಕೊಂಡದ್ದು ಕೆಂಪು ಹತ್ತಿಯ ಟ್ಯೂನಿಕ್, ಅದೇ ಮಳೆಗೆ ಬಣ್ಣ ಬಿಟ್ಟು ಕವಚದ ಕೆಳಗಿನ ಮೆತ್ತೆಯಂಗಿಯನ್ನೂ ಗುಲಾಬಿ ಮಾಡಿತು. ರೋಮನ್ ಸೈನಿಕರೆಲ್ಲ ಕೆಂಪುಡುಗೆ ಅನ್ನುವುದೇ ದೊಡ್ಡ ಜಗಳದ ವಿಷಯ. ಕ್ರಿ.ಶ. 138ರ ಒಂದು ಈಜಿಪ್ಟ್ ಪಪೈರಸ್‌ನಲ್ಲಿ ಕಪಡೋಕಿಯಾದ (ಈಗಿನ ಟರ್ಕಿಯಲ್ಲಿದೆ) ರೋಮನ್ ಸೈನ್ಯಕ್ಕಾಗಿ ನೇಕಾರರಿಗೆ ಕೊಟ್ಟ ಆರ್ಡರ್ ಇದೆ: ಬಿಳಿ ಟ್ಯೂನಿಕ್, ಉದ್ದ ಮೂರೂವರೆ ಮೊಳ. ಬಣ್ಣ ಹಾಕದ ಉಣ್ಣೆಯಲ್ಲಿ ಹೆಚ್ಚುಕಡಿಮೆ ಅದೇ ಅಳತೆಗೆ ಹೊಲಿಸಿಕೊಂಡೆ. ಗೋಣಿಚೀಲದಷ್ಟು ಅಗಲ, ಅಷ್ಟೇ ಉದ್ದ. ಪಂಚೆ ಎತ್ತಿಕಟ್ಟಿ ಗೊತ್ತಿರುವವರಿಗೆ ಹೇಳಿಕೊಡಬೇಕಾಗಿಲ್ಲ, ಬೆಲ್ಟಿನ ಮೇಲೆ ಎಳೆದು ಮಂಡಿಯ ಮಟ್ಟಕ್ಕೆ ತಂದರೆ ಮುಗಿಯಿತು. ಉಣ್ಣೆ ಚುಚ್ಚುತ್ತದೆ, ಆದರೆ ನೆನೆದರೂ ಬೆಚ್ಚಗಿರುತ್ತದೆ.

ಶಿರಸ್ತ್ರಾಣ: ಒಂದು ಅಳತೆ ದೊಡ್ಡದೇ ಕೊಳ್ಳಿ, ಒಳಗೆ ಉಣ್ಣೆ ಟೋಪಿ ಹಾಕಿ. ಅಷ್ಟೇ.

ಕಲಿಗಾ, ಅಂದರೆ ಅಡಿಗೆ ಕಬ್ಬಿಣದ ಮೊಳೆ ಬಡಿದ ಆ ಚಪ್ಪಲಿ, ಹುಲ್ಲಿನ ಮೇಲೆ ದೇವರು, ನುಣುಪು ಕಲ್ಲಿನ ಮೇಲೆ ಶತ್ರು. ಕ್ರಿ.ಶ. 70ರಲ್ಲಿ ಜೆರುಸಲೇಮ್ ದೇವಾಲಯದ ಹಾಸುಗಲ್ಲಿನ ಮೇಲೆ ಶತ್ರುಗಳನ್ನು ಅಟ್ಟಿಸಿಕೊಂಡು ಹೋಗುತ್ತಿದ್ದ ಜೂಲಿಯಾನಸ್ ಎಂಬ ಸೆಂಚೂರಿಯನ್ (ರೋಮನ್ ದಳನಾಯಕ) ಈ ಮೊಳೆಗಳಿಂದಲೇ ಜಾರಿಬಿದ್ದು ಪ್ರಾಣ ಬಿಟ್ಟ ಅಂತ ಆ ಕಾಲದ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ನಾನು ಹೆಕ್ಸಮ್ ರೈಲು ನಿಲ್ದಾಣದಲ್ಲಿ ಬಿದ್ದೆ, ಮಾನ ಮಾತ್ರ ಹೋಯಿತು. ಕಾಲುಚೀಲ ಹಾಕಿಕೊಳ್ಳಲು ನಾಚಬೇಡಿ. ಗೋಡೆಯ ಹತ್ತಿರದ ವಿಂಡೊಲಾಂಡಾ ಕೋಟೆಯಲ್ಲಿ ಸಿಕ್ಕ ಮರದ ಹಾಳೆಯ ಪತ್ರವೊಂದರಲ್ಲಿ ಯಾರೋ ಅಲ್ಲಿದ್ದವನಿಗೆ ಕಾಲುಚೀಲ, ಎರಡು ಜೊತೆ ಚಪ್ಪಲಿ, ಎರಡು ಒಳಚಡ್ಡಿ ಕಳಿಸಿದ ಲೆಕ್ಕ ಇದೆ.

ತಂಡದ ಹಿರಿಯರೊಬ್ಬರು "ಲೀಜನ್ನಿನವರಿಗೆ ಪಟ್ಟಿ ಕವಚವೇ ಶೋಭೆ" ಅಂತ ಈಗಲೂ ಮೂಗು ಮುರಿಯುತ್ತಾರೆ. ರೊಮೇನಿಯಾದ ಆದಮ್‌ಕ್ಲಿಸಿ ಸ್ಮಾರಕದಲ್ಲಿ ಅದೇ ಟ್ರಾಜನ್ ಕಾಲದ ಲೀಜನ್ ಸೈನಿಕರು ಸರಪಳಿ ಅಂಗಿಯಲ್ಲೇ ಕಾದಾಡುತ್ತಿದ್ದಾರೆ ಅಂತ ತೋರಿಸಿದೆ. ಹೇಗೂ ನಾನೀಗ ಲೀಜನ್ನನ್ನೇ ಬಿಟ್ಟಿದ್ದೇನೆ. ಗೋಡೆಯ ಕಾರ್ವೋರಾನ್ ಕೋಟೆಯಲ್ಲಿ ಸಿರಿಯಾದ ಹಾಮಾದಿಂದ ಬಂದ ಬಿಲ್ಲುಗಾರರ ಪಡೆಯಿತ್ತು, ಲೀಜನ್ನಿಗೆ ಸೇರದ ಸಹಾಯಕ ಪಡೆ. ಈಗ ನನ್ನ ವೇಷ ಅವರದು. ನನ್ನ ಮೈಬಣ್ಣ ನೋಡಿ "ಆಗ ನಿಮ್ಮಂಥವರು ಇಲ್ಲಿದ್ದರೇ?" ಅಂತ ಕೇಳುವವರಿಗೆ ಆ ಕಥೆ ಹೇಳಲು ಸರಪಳಿ ಅಂಗಿಯೇ ಅನುಕೂಲ.

ಇನ್ನೊಂದು ಕಾರಣ, ನನಗೆ ಕಾರಿಲ್ಲ. ಹೆಕ್ಸಮ್‌ವರೆಗೆ ರೈಲು, ಅಲ್ಲಿಂದ ಗೋಡೆಯ ಗುಂಟ ಹೋಗುವ ಬಸ್ಸು. ಅದರ ನಂಬರೇ ಎಡಿ 122, ಗೋಡೆ ಶುರುವಾದ ವರ್ಷ. ಸರಪಳಿ ಅಂಗಿ ಸುರುಳಿ ಸುತ್ತಿದರೆ ಬೆನ್ನಚೀಲದ ತಳದಲ್ಲಿ ಅಕ್ಕಿ ಮೂಟೆಯ ಹಾಗೆ ಕೂರುತ್ತದೆ. ಪಟ್ಟಿ ಕವಚಕ್ಕೆ ಬೇರೆಯದೇ ಪೆಟ್ಟಿಗೆ, ಅದಕ್ಕೆ ಬೇರೆಯದೇ ಸೀಟು. ಮೇಲಾಗಿ ಈ ಮೂರು ವರ್ಷದಲ್ಲಿ ನನ್ನ ಹೊಟ್ಟೆ ಎರಡಿಂಚು ಮುಂದೆ ಬಂದಿದೆ. ಬಳೆಗಳು ಅದನ್ನು ಗಮನಿಸಿದ ಹಾಗೇ ಇಲ್ಲ. ಪಟ್ಟಿ ಕವಚಕ್ಕೆ 220 ಪೌಂಡ್, ಸರಪಳಿಗೆ 310 ಕೊಟ್ಟೆ. ಮೊದಲೇ 310 ಕೊಟ್ಟಿದ್ದರೆ 220 ಉಳಿಯುತ್ತಿತ್ತು. ಕಾರಿದೆ, ಮನೆಯಲ್ಲಿ ಗ್ಯಾರೇಜಿದೆ, ಸುತ್ತಿಗೆ ಸದ್ದಿಗೆ ತಕರಾರು ಮಾಡುವವರಿಲ್ಲ ಅನ್ನುವವರು ಪಟ್ಟಿ ಕವಚವನ್ನೇ ಕೊಳ್ಳಿ. ಫೋಟೋಗೆ ಜನ ಮುಗಿಬೀಳುವುದು ಅದರ ಪಕ್ಕದಲ್ಲೇ.

ನನ್ನದು ಬೇಕಿದ್ದರೆ 90ಕ್ಕೆ ಕೊಡುತ್ತೇನೆ. ಎಡಭಾಗದ 21 ರಿವೆಟ್ಟೂ ಹೊಸದು. ಬಲಭಾಗದ್ದು ಕೊಂಡವರ ಪಾಲಿಗೆ.