ಮಾಡಿಫೈ ಮಾಡಿದ ಕಾರು ಮಾರ್ತಿದ್ದೀರಾ? ಖಾಲಿ ಫಾರ್ಮ್‌ಗೆ ಸಹಿ ಹಾಕ್ಬೇಡಿ

ನನ್ನದು 2002ರ ಹೋಂಡಾ ಸಿಟಿ ವಿಟೆಕ್. ಕಾರಿನ ಹುಚ್ಚಿರುವವರಿಗೆ ಹೆಸರು ಹೇಳಿದರೆ ಸಾಕು. 1.5 ಲೀಟರ್ ಎಂಜಿನ್, 106 ಬಿಎಚ್‌ಪಿ. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ನೋಡೋಕೆ ಸಂಸಾರಸ್ಥರ ಕಾರು, ಆದರೆ ಆರ್‌ಪಿಎಂ ಮೇಲೇರಿದ ಹಾಗೆ ಅದರ ದನಿಯೇ ಬದಲಾಗುತ್ತದೆ. ಆ ದನಿಗೋಸ್ಕರ ಎಂಟು ವರ್ಷದಲ್ಲಿ ನಾಲ್ಕೂವರೆ ಲಕ್ಷ ಸುರಿದಿದ್ದೆ. ಕಾರಿನ ಎತ್ತರ ತಗ್ಗಿಸೋ ಸಸ್ಪೆನ್ಷನ್ (ಕಾಯ್ಲೋವರ್), ಎಂಜಿನ್ ಹೊಗೆ ಸಾಗಿಸೋ ಹೆಡರ್ ಪೈಪು, ದಪ್ಪ ಪೈಪಿನ ಎಕ್ಸಾಸ್ಟ್, ಬಕೆಟ್ ಸೀಟು, ಅಗಲದ ಟೈರು. ಮೈತುಂಬಾ ಪೇಂಟಿನ ಮೇಲೆ ಅಂಟಿಸುವ ನೀಲಿ ಹಾಳೆ, ರ‍್ಯಾಪ್ ಬೇರೆ. ಆರ್‌ಸಿಯಲ್ಲಿ ಮಾತ್ರ ಬಣ್ಣ ಸಿಲ್ವರ್ ಅಂತಲೇ ಇತ್ತು.

ಮಗಳು ಹುಟ್ಟಿದ ಮೇಲೆ ಮಾರೋಣ ಅಂತಾಯಿತು. ಹಾಕಿದ ದುಡ್ಡಲ್ಲಿ ಅರ್ಧವಾದರೂ ಬರುತ್ತೆ ಅಂದುಕೊಂಡಿದ್ದೆ. ಬರಲ್ಲ ಕಣ್ರೀ. ನಮಗೆ ಅಲಂಕಾರ ಅನಿಸಿದ್ದು ಬೇರೆಯವರಿಗೆ ಅನುಮಾನ. ‘ಇಷ್ಟೆಲ್ಲಾ ಮಾಡಿದ್ದೀರಾ ಅಂದ್ರೆ ಚೆನ್ನಾಗಿ ತುಳಿದಿರ್ತೀರಾ ಬಿಡಿ’ ಅಂತಾರೆ. ತುಳಿದಿದ್ದೆ, ಸುಳ್ಳು ಯಾಕೆ.

ನೋಡೋಕೆ ಬಂದವರಲ್ಲಿ ಅರ್ಧ ಜನ ಕೊಳ್ಳೋಕೆ ಬಂದವರೇ ಅಲ್ಲ. ಒಬ್ಬ ಹುಡುಗ ಬೆಳಗ್ಗೆ ಏಳಕ್ಕೆ ಬಂದ. ಎಂಜಿನ್ ಇನ್ನೂ ತಣ್ಣಗಿತ್ತು, ಟೆಂಪರೇಚರ್ ಮುಳ್ಳು ಅಲುಗಾಡಿರಲಿಲ್ಲ. ‘ಸ್ವಲ್ಪ ನಿಧಾನ’ ಅಂತ ನಾನು ಅನ್ನುವಷ್ಟರಲ್ಲಿ ರಿಂಗ್ ರೋಡಿನಲ್ಲಿ ಸೆಕೆಂಡ್ ಗೇರಲ್ಲೇ ಆರ್‌ಪಿಎಂ ಮುಳ್ಳನ್ನು ಕೆಂಪು ಗೆರೆ ಮುಟ್ಟಿಸಿದ. ಪಕ್ಕದಲ್ಲಿ ಅವನ ಗೆಳೆಯ ಮೊಬೈಲಲ್ಲಿ ರೀಲ್ಸ್ ಮಾಡ್ತಿದ್ದ. ನಾನು ಹಿಂದಿನ ಸೀಟಲ್ಲಿ, ನನ್ನದೇ ಕಾರಿನಲ್ಲಿ ನೆಂಟನ ಹಾಗೆ. ವಾಪಸ್ ಬಂದು ‘ಮನೇಲಿ ಕೇಳಿ ಹೇಳ್ತೀನಿ ಅಣ್ಣ’ ಅಂದ. ಇನ್ನೂ ಕೇಳ್ತಾನೇ ಇರಬೇಕು.

ಕೊನೆಗೆ 2023ರ ನವೆಂಬರಿನಲ್ಲಿ ಮಂಡ್ಯದಿಂದ ಒಬ್ಬರು ಬಂದರು. ಮೃದು ಮಾತು, ಕಾರಿನ ಬಗ್ಗೆ ಚೆನ್ನಾಗಿ ತಿಳಿದವರು. 2 ಲಕ್ಷ 40 ಸಾವಿರಕ್ಕೆ ಒಪ್ಪಿಗೆಯಾಯಿತು. 2 ಲಕ್ಷ 10 ಸಾವಿರ ಅಲ್ಲೇ ಹಾಕಿದರು. ಉಳಿದದ್ದು ಹೆಸರು ಬದಲಾದ ಮೇಲೆ ಅಂದರು. ಬಿಳಿ ಹಾಳೆಯಲ್ಲಿ ಡೆಲಿವರಿ ನೋಟ್ ಬರೆದು, ರೆವಿನ್ಯೂ ಸ್ಟಾಂಪ್ ಅಂಟಿಸಿ, ಅದರ ಮೇಲೆ ಸಹಿ ಹಾಕಿದೆವು. ಆಮೇಲೆ ಹೆಸರು ಬದಲಾವಣೆಯ ಫಾರ್ಮ್ 29, ಫಾರ್ಮ್ 30 ಮುಂದಿಟ್ಟರು. ಕೊಳ್ಳುವವರ ಹೆಸರಿನ ಜಾಗ ಖಾಲಿ. ‘ಏಜೆಂಟ್ ತುಂಬ್ತಾರೆ ಸರ್’ ಅಂದರು. ನಾನು ಹಾಕಿದೆ ಸಹಿ. ಎಲ್ಲರೂ ಹಾಗೇ ಮಾಡ್ತಾರೆ, ಅಲ್ವಾ?

ಎರಡು ತಿಂಗಳು ಹೆಸರು ಬದಲಾಗಲಿಲ್ಲ. ಕೇಳಿದರೆ, ‘ಬಣ್ಣ ಆರ್‌ಸಿಗೆ ಹೊಂದಲ್ಲ, ಸೈಲೆನ್ಸರ್ ನೋಡಿದ್ರೆ ಹಿಡೀತಾರೆ, ಮೊದಲು ಸರಿ ಮಾಡಿಸ್ತೀನಿ.’ ಆಮೇಲೆ ಫೋನೇ ಎತ್ತಲಿಲ್ಲ.

ಜನವರಿಯಲ್ಲಿ ಮೊದಲ ಚಲನ್ ಬಂತು. ಬೆಂಗಳೂರು–ಮೈಸೂರು ಹೈವೇ, ಮಿತಿ 100, ನನ್ನ ಕಾರು 131. ಚಲನ್ ಜೊತೆ ಫೋಟೋ ಇರುತ್ತಲ್ಲ, ಅದರಲ್ಲಿ ನನ್ನದೇ ವೀಲ್ಸು, ನೀಲಿ ಮೈ. ಎರಡನೆಯದರಲ್ಲಿ ಬಾನೆಟ್ ಕಪ್ಪಾಗಿತ್ತು. ಮೂರನೆಯದರಲ್ಲಿ ವೀಲ್ಸೇ ಬೇರೆ. ನಾನು ಮಾರಿದ ಕಾರು ಹೇಗೆ ಬೆಳೀತಿದೆ ಅಂತ ಪೊಲೀಸ್ ಕ್ಯಾಮೆರಾ ನನಗೆ ತಪ್ಪದೆ ತೋರಿಸ್ತಿತ್ತು. ಒಟ್ಟು ಆರು ಚಲನ್, ಒಂದೊಂದಕ್ಕೆ 1,000.

ದುಡ್ಡು ಹೋದರೆ ಹೋಗಲಿ. ಏಪ್ರಿಲ್‌ನಲ್ಲಿ ರಾತ್ರಿ ಹನ್ನೊಂದಕ್ಕೆ ಒಂದು ಠಾಣೆಯಿಂದ ಫೋನ್ ಬಂತು. ನನ್ನ ಕಾರು ಬೈಕಿಗೆ ತಾಗಿಸಿ ನಿಲ್ಲಿಸದೆ ಹೋಗಿದೆ ಅಂತ. ‘ಮಾರಿದ್ದೀನಿ ಸಾರ್’ ಅಂದೆ. ‘ನಿಮ್ಮ ಹೆಸರಲ್ಲೇ ಇದೆಯಲ್ರೀ’ ಅಂದರು. ಡೆಲಿವರಿ ನೋಟ್ ತೋರಿಸಿದರೆ ನಕ್ಕರು. ಪುಣ್ಯಕ್ಕೆ ಬೈಕಿನವರಿಗೆ ಮೊಣಕೈ ತರಚಿತ್ತು ಅಷ್ಟೇ. ಬೈಕ್ ರಿಪೇರಿ ಎಲ್ಲಾ ಸೇರಿ ನನಗೆ 18 ಸಾವಿರದಲ್ಲಿ ಮುಗಿಯಿತು. ಪ್ರಾಣ ಹೋಗಿದ್ದರೆ? ಕಾರು ಎಷ್ಟು ಕೈ ದಾಟಿದ್ದರೂ ಆರ್‌ಟಿಒ ದಾಖಲೆಯಲ್ಲಿ ಹೆಸರಿರುವವರೇ ಪರಿಹಾರಕ್ಕೆ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ನನ್ನ ಪರಿಚಯದ ವಕೀಲರು ಇದನ್ನು ಹೇಳಿದಾಗ ಕೈಲಿದ್ದ ಕಾಫಿ ಆರಿಹೋಯಿತು.

ಅವರೇ ಇನ್ನೆರಡು ವಿಷಯ ಹೇಳಿದರು. ಮಾರಿದ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕಾದವನು ಮಾರಿದವನೇ. ನಾನು ಇಷ್ಟು ದಿನ ಅದು ಕೊಂಡವರ ಕೆಲಸ ಅಂದುಕೊಂಡಿದ್ದೆ. ಎರಡನೆಯದು ಮಾಡಿಫೈ ಕಾರಿನವರಿಗೇ ಸೇರಿದ್ದು. ಕಂಪನಿ ಕೊಟ್ಟ ರೂಪಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸಿದರೆ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಕಾಗದದ ಮೇಲೆ ಮಾಲೀಕ ಯಾರು? ನಾನು. ಆ ಕಪ್ಪು ಬಾನೆಟ್ ಹಾಕಿದ್ದು ಯಾರು ಅಂತ ನನಗೆ ಗೊತ್ತೇ ಇರಲಿಲ್ಲ!

ಗೆಳೆಯರ ಗುಂಪಿನಲ್ಲಿ ಚಲನ್ ಫೋಟೋ ಹಾಕಿ ಹುಡುಕಿದೆವು. ಪಾಂಡವಪುರದ ಹತ್ತಿರ ಒಂದು ಆಲೆಮನೆಯಲ್ಲಿ ಸಿಕ್ಕಿತು. ಒಣಗಿದ ಕಬ್ಬಿನ ಸಿಪ್ಪೆ ರಾಶಿಯ ಪಕ್ಕ ನಿಂತಿತ್ತು, ಗಾಜಿನ ಮೇಲೆಲ್ಲಾ ಬೂದಿ. ಆಲೆಮನೆಯವರ ಮಗ ಅದನ್ನು 3 ಲಕ್ಷ 10 ಸಾವಿರಕ್ಕೆ ಕೊಂಡಿದ್ದ, ನನ್ನ ಸಹಿ ಇದ್ದ ಅದೇ ಖಾಲಿ ಫಾರ್ಮ್ ಸಮೇತ. ಬೈಕಿಗೆ ತಾಗಿಸಿದ್ದು ಅವನಿಗಿಂತ ಮುಂಚಿನವನಂತೆ. ಒಳ್ಳೆ ಹುಡುಗ, ನನಗಿಂತ ಅವನೇ ಹೆದರಿದ್ದ. ನನಗೆ ಬರಬೇಕಿದ್ದ 30 ಸಾವಿರದ ಮಾತು ಎತ್ತಲೇ ಇಲ್ಲ. ಅದು ಅವನ ಸಾಲ ಅಲ್ವಲ್ಲ.

ಹಳೇ ಸೈಲೆನ್ಸರ್, ಸ್ಪ್ರಿಂಗು, ಸೀಟು ಎಲ್ಲ ನಮ್ಮ ಮನೆ ಅಟ್ಟದ ಮೇಲಿತ್ತು. ನಾನು ಮಾಡಿದ ಒಂದೇ ಬುದ್ಧಿವಂತಿಕೆ ಅದು. ಮೊದಲೇ ಅವನ್ನು ಹಾಕಿ, ಮಾಡಿಫೈ ಸಾಮಾನು ಬಿಡಿಬಿಡಿಯಾಗಿ ಮಾರಿದ್ದರೆ ದುಡ್ಡೂ ಜಾಸ್ತಿ ಬರ್ತಿತ್ತು, ನೆಮ್ಮದಿಯೂ ಇರ್ತಿತ್ತು. ಒಂದು ಭಾನುವಾರ ಇಬ್ಬರೂ ಕೂತು ಹೇರ್ ಡ್ರೈಯರ್ ಹಿಡಿದು ರ‍್ಯಾಪ್ ಕಿತ್ತೆವು. ಬಿಸಿ ಮಾಡಿ, ಮೂಲೆಯಿಂದ ಉಗುರಲ್ಲಿ ಎಬ್ಬಿಸಿ, ನಿಧಾನ ಎಳೆದರೆ ಅಡಿಯಲ್ಲಿ 2002ರ ಸಿಲ್ವರ್ ಹಾಗೇ ಇತ್ತು. ಈ ಸಲ ಫಾರ್ಮ್ ಪೂರ್ತಿ ತುಂಬಿ, ಇಬ್ಬರೂ ಒಟ್ಟಿಗೇ ಆರ್‌ಟಿಒಗೆ ಹೋದೆವು. ದಾಖಲೆಯಲ್ಲಿ ಅವನ ಹೆಸರು ಬರುವವರೆಗೂ ಎರಡನೇ ಕೀ ನನ್ನ ಜೇಬಲ್ಲೇ ಇತ್ತು.

ಮೊನ್ನೆ ಅವನದೊಂದು ಮೆಸೇಜು. ‘ಅಣ್ಣ, ನಂಗೂ ಬಂತು.’ ಕೆಳಗೆ ಚಲನ್ ಫೋಟೋ. ಸಿಲ್ವರ್ ಕಾರು, ಸ್ಪೀಡು 118.