24 ವಾಯ್ಸ್‌ಗಳ ಡಿಜಿಟಲ್ ಪಿಯಾನೋ: ಐದು ವರ್ಷ ಬಳಸಿದ ಮೇಲೆ

ಮಗಳಿಗೆ ಅಂತ ಐದು ವರ್ಷದ ಹಿಂದೆ ತಗೊಂಡ 88 ಕೀಗಳ ಡಿಜಿಟಲ್ ಪಿಯಾನೋ ಇದು. ಸ್ಪೀಕರ್ ಒಳಗೇ ಇದೆ, ಮೇಜಿನ ಮೇಲೆ ಇಟ್ಟು ನುಡಿಸಬಹುದು. ಕಂಪನಿ ಹೆಸರು ಬೇಡ. ಈ ಬೆಲೆಯಲ್ಲಿ ನಾನು ನುಡಿಸಿ ನೋಡಿದ ಬೇರೆ ಪಿಯಾನೋಗಳೂ ಹೆಚ್ಚುಕಡಿಮೆ ಹೀಗೇ ಇದ್ದವು. ಕೀಗಳ ತೂಕ, ಸ್ಟ್ಯಾಂಡು, ಪೆಡಲ್ಲು ಇವುಗಳ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಒಳಗಿರುವ ವಾಯ್ಸ್‌ಗಳ, ಅಂದರೆ ಬೇರೆ ಬೇರೆ ವಾದ್ಯಗಳ ನಾದಗಳ ಬಗ್ಗೆ ಮಾತ್ರ ಹೇಳುತ್ತೇನೆ.

ಅಂಗಡಿಯ ಹುಡುಗ "24 ವಾಯ್ಸ್ ಇದೆ ಸರ್" ಅಂದಾಗ ಖುಷಿಯಾಗಿತ್ತು. ಮನೆಗೆ ತಂದ ಮೇಲೆ ಗೊತ್ತಾಯಿತು, ಒಂದು ಬಟನ್ ಹಿಡಿದುಕೊಂಡು ಒಂದು ಕೀ ಒತ್ತಿದರೆ ಒಂದು ವಾಯ್ಸ್. ಯಾವ ಕೀಗೆ ಯಾವುದು ಅನ್ನೋದು ಪುಸ್ತಕದಲ್ಲಿದೆ, ಪಿಯಾನೋ ಮೇಲಿಲ್ಲ. ಆ ಪುಸ್ತಕವೋ ಎರಡೇ ತಿಂಗಳಲ್ಲಿ ಮಾಯ. ಕೊನೆಗೆ ಅಮ್ಮ ತಮ್ಮ ಸ್ಟಿಕ್ಕರ್ ಬಿಂದಿ ಪ್ಯಾಕೆಟ್ ತಂದು ಬೇಕಾದ ಕೀಗಳ ಹಿಂದಿನ ಪಟ್ಟಿಗೆ ಒಂದೊಂದು ಅಂಟಿಸಿದರು. ಕೆಂಪು ಅಂದರೆ ಸ್ಟ್ರಿಂಗ್ಸ್, ಕಪ್ಪು ಅಂದರೆ ಹಾರ್ಪ್ಸಿಕಾರ್ಡ್ (ಪಿಯಾನೋಗಿಂತ ಹಳೆಯ ಕೀ ವಾದ್ಯ), ಹೀಗೆ. ಇವತ್ತಿಗೂ ಅಲ್ಲಿರುವುದು ಐದೇ ಬಿಂದಿ.

ಗ್ರ್ಯಾಂಡ್ ಪಿಯಾನೋ ಹೆಸರಲ್ಲಿ ನಾಲ್ಕು ವಾಯ್ಸ್ ಇವೆ. ಮೊದಲನೆಯದು ನಿಜಕ್ಕೂ ಚೆನ್ನಾಗಿದೆ. ಉಳಿದ ಮೂರೂ ಅದೇ, ಒಂದಕ್ಕೆ ಸ್ವಲ್ಪ ಹೊಳಪು ಜಾಸ್ತಿ, ಇನ್ನೊಂದಕ್ಕೆ ಕಮ್ಮಿ. ಕೊಳ್ಳುವವರು ಅಂಗಡಿಯಲ್ಲೇ ಹೆಡ್‌ಫೋನ್ ಹಾಕಿ, ಎಡಗಡೆಯ ಒಂದು ತಗ್ಗು ಸ್ವರ ಒತ್ತಿ ಹದಿನೈದು ಸೆಕೆಂಡ್ ಸುಮ್ನೆ ಹಿಡಿಯಿರಿ. ನಿಜವಾದ ತಂತಿಯ ನಾದ ಕರಗುತ್ತಾ ಬಣ್ಣ ಬದಲಿಸುತ್ತದೆ. ನಮ್ಮದರಲ್ಲಿ ಸ್ವಲ್ಪ ಹೊತ್ತಿನ ಮೇಲೆ ಒಂದೇ ತುಣುಕು ಸುತ್ತಿ ಸುತ್ತಿ ಬರುವುದು ಕಿವಿಗೆ ಸಿಗುತ್ತದೆ. ಸ್ಪೀಕರ್‌ನಲ್ಲಿ ಇದು ಗೊತ್ತಾಗುವುದಿಲ್ಲ.

ಎಲೆಕ್ಟ್ರಿಕ್ ಪಿಯಾನೋ ಎರಡು ಬಗೆ. ಒಂದು ಹಳೆಯ ರೋಡ್ಸ್ ಥರದ್ದು. ಅಸಲಿ ರೋಡ್ಸ್‌ನಲ್ಲಿ ಪುಟ್ಟ ಸುತ್ತಿಗೆ ಲೋಹದ ಕಡ್ಡಿಗೆ ಬಡಿಯುತ್ತದೆ, ಆ ಕಂಪನವನ್ನು ಎಲೆಕ್ಟ್ರಿಕ್ ಗಿಟಾರ್‌ನಲ್ಲಿರುವ ಹಾಗೆ ಪಿಕಪ್ ಹಿಡಿದು ವಿದ್ಯುತ್ತಾಗಿಸುತ್ತದೆ. ಮೆಲ್ಲಗೆ ಒತ್ತಿದರೆ ಗಂಟೆ, ಜೋರಾಗಿ ಒತ್ತಿದರೆ ಗೊಗ್ಗರು. ನಮ್ಮದು ಆ ಎರಡನ್ನೂ ಕೊಡುತ್ತದೆ, ನನ್ನ ಸಂಜೆಗಳೆಲ್ಲ ಇದರ ಜೊತೆಗೇ. ಇನ್ನೊಂದು 1983ರಲ್ಲಿ ಬಂದ ಯಮಹಾ ಡಿಎಕ್ಸ್7 ಸಿಂಥಸೈಜರ್‌ನ ಶೈಲಿ, ಗಾಜಿನ ಹಾಗೆ ಮಿನುಗುವ ನಾದ. ಒಂದು ಕಾರ್ಡ್ (ಒಟ್ಟಿಗೆ ಒತ್ತುವ ಮೂರು-ನಾಲ್ಕು ಸ್ವರ) ಹಿಡಿದರೆ ಸಾಕು, 80ರ ದಶಕದ ಪ್ರೇಮಗೀತೆ ಶುರುವಾದ ಹಾಗೆ. ಎರಡಕ್ಕೂ ಬಿಂದಿ ಇದೆ.

ಹಾರ್ಪ್ಸಿಕಾರ್ಡ್ ಮೊದಲು ತಮಾಷೆ ಅನಿಸಿತ್ತು. ಅದರಲ್ಲಿ ತಂತಿಯನ್ನು ಬಡಿಯುವುದಿಲ್ಲ, ಮೀಟುತ್ತದೆ. ಹಾಗಾಗಿ ಎಷ್ಟು ಜೋರಾಗಿ ಒತ್ತಿದರೂ ಸದ್ದು ಅಷ್ಟೇ. ಮಗಳ ಪಿಯಾನೋ ಮಿಸ್, ಹಾರ್ಪ್ಸಿಕಾರ್ಡ್ ಕಾಲದ ಸಂಗೀತಕಾರ ಬಾಖ್‌ನ ಪಾಠ ಕೊಟ್ಟಾಗ ದಿನಾ ಹತ್ತು ನಿಮಿಷ ಇದರಲ್ಲೇ ನುಡಿಸು ಅಂದರು. ಪಿಯಾನೋದಲ್ಲಿ ಪೆಡಲ್ ಒತ್ತಿ ಮುಚ್ಚಿಹಾಕುತ್ತಿದ್ದ ಉಂಗುರ ಬೆರಳಿನ ತಡ ಇಲ್ಲಿ ಬಯಲಾಯಿತು. ಬೆರಳು ಎತ್ತಿದಾಗ 'ಟಿಕ್' ಅಂತ ಮೀಟುಕಡ್ಡಿ ವಾಪಸ್ ಬೀಳುವ ಸದ್ದನ್ನೂ ಸೇರಿಸಿದ್ದಾರೆ. ಅದನ್ನು ಯಾರೋ ಕೂತು ರೆಕಾರ್ಡ್ ಮಾಡಿದ್ದಾರಲ್ಲ, ಅವರಿಗೊಂದು ನಮಸ್ಕಾರ.

ಆರ್ಗನ್ ನಿರಾಸೆ. 1935ರಲ್ಲಿ ಬಂದ ಹ್ಯಾಮಂಡ್ ಆರ್ಗನ್‌ನ ಗಮ್ಮತ್ತು ಇರುವುದೇ ಡ್ರಾಬಾರ್‌ಗಳನ್ನು (ನಾದದ ಬಣ್ಣ ಬದಲಿಸುವ ಪಟ್ಟಿಗಳು) ಎಳೆದು ತಳ್ಳುವುದರಲ್ಲಿ, ತಿರುಗುವ ಸ್ಪೀಕರನ್ನು ನಡುವೆ ವೇಗ ಮಾಡುವುದರಲ್ಲಿ. ಇಲ್ಲಿ ಎರಡೂ ಇಲ್ಲ, ಒಂದೇ ಸಮ ಅಲುಗಾಡುತ್ತದೆ. ತಗ್ಗು ಸ್ವರದ ಬೇಸ್ ವಾಯ್ಸ್‌ಗಳು ಹೆಡ್‌ಫೋನ್ ಇಲ್ಲದೆ ಕೇಳಿಸುವುದೇ ಇಲ್ಲ. ಲೋಹದ ಪಟ್ಟಿ ಬಡಿದು ನುಡಿಸುವ ವೈಬ್ರಾಫೋನ್ ಪರವಾಗಿಲ್ಲ.

ಸ್ಟ್ರಿಂಗ್ಸ್ ಅಂದರೆ ಪಿಟೀಲು ಅಂದುಕೊಳ್ಳಬೇಡಿ, ಒಂದು ಕೋಣೆ ತುಂಬಾ ಪಿಟೀಲುಗಳ ಮಬ್ಬು ಅದು. ಪಿಯಾನೋ ಜೊತೆ ಬೆರೆಸಿ, ಪೆಡಲ್ ಒತ್ತಿ ನುಡಿಸಿದರೆ ಹಳೆಯ ಸ್ವರಗಳು ತುಂಡಾಗುತ್ತವೆ. ನಮ್ಮದರ ಪಾಲಿಫೊನಿ, ಅಂದರೆ ಒಟ್ಟಿಗೆ ಕೇಳಿಸಬಲ್ಲ ಸ್ವರಗಳ ಮಿತಿ, 64, ಎರಡು ವಾಯ್ಸ್ ಸೇರಿದರೆ ಅದು ಬೇಗ ಖರ್ಚಾಗುತ್ತದೆ. ಆದರೂ ಎಲ್ಲಕ್ಕಿಂತ ಜಾಸ್ತಿ ಸವೆದಿರುವುದು ಇದೇ ಕೆಂಪು ಬಿಂದಿ. ಅಮ್ಮನ ಶ್ರುತಿ ಪೆಟ್ಟಿಗೆ ಕೆಟ್ಟ ದಿನದಿಂದ ಇದೇ ಅವರ ಶ್ರುತಿ. ಪಿಯಾನೋ ಸ್ವರ ಪೆಡಲ್ ಒತ್ತಿದರೂ ಸಾಯುತ್ತದೆ, ಸ್ಟ್ರಿಂಗ್ಸ್ ಸಾಯುವುದಿಲ್ಲ. ಐದು ಮನೆ ಶ್ರುತಿಗೆ ಸ-ಪ ಒತ್ತಿ, ಪೆಡಲ್ ಮೇಲೆ ಅಡಿಕೆ ಕುಟ್ಟಾಣಿ ಇಟ್ಟು, ಆರಾಮಾಗಿ ಕುರ್ಚಿಯಲ್ಲಿ ಕೂತು ದೇವರನಾಮ ಹಾಡುತ್ತಾರೆ.

ಒಮ್ಮೆ ಅದರಲ್ಲೇ ತೋಡಿ ರಾಗ ನುಡಿಸಲು ಹೋದೆ. ಸ್ವರ ಜಗ್ಗಲು ಚಕ್ರ ಇಲ್ಲ, ಓಲಾಡಬೇಕಾದ ಗಾಂಧಾರ ಕಡ್ಡಿ ಥರ ನಿಂತುಬಿಟ್ಟಿತು. ಅಮ್ಮ ಅಡುಗೆಮನೆಯಿಂದಲೇ ಕೇಳಿದರು: "ಯಾವ ರಾಗನೋ ಅದು?"