ಮೆಡಿಕಲ್‌ನಲ್ಲಿ ಕತ್ತರಿಸಿದ ಮಾತ್ರೆ ತರೋರು ಇದನ್ನು ಓದಿ

ನೆಗಡಿ, ಜ್ವರ ಅಂದರೆ ಡಾಕ್ಟರ್ ಯಾಕೆ, ಮೆಡಿಕಲ್‌ನವನಿಗೆ ಹೇಳಿದರೆ ಸಾಕು ಅಂತೀವಲ್ಲ, ಸ್ವಲ್ಪ ನಿಲ್ಲಿ.

ಅಪ್ಪನಿಗೆ ನೆಗಡಿ, ಗಂಟಲು ಕೆರೆತ, ಮೈ ಬೆಚ್ಚಗಿತ್ತು. ಬೀದಿ ಕೊನೆಯ ಮೆಡಿಕಲ್‌ಗೆ ಹೋದೆ. ಅವರಿಗೆ ಬಿಪಿ ಇದೆ ಅಂತ ಮೊದಲೇ ಹೇಳಿದೆ. ಒತ್ತಿ ಹೇಳಿದೆ. ಕೌಂಟರಿನ ಹುಡುಗ ಫೋನಿನಿಂದ ತಲೆಯನ್ನೇ ಎತ್ತಲಿಲ್ಲ. ಮೂರು ಥರದ ಮಾತ್ರೆ ಸ್ಟ್ರಿಪ್‌ನಿಂದ ಕತ್ತರಿಸಿ, ಕಾಗದದ ಕವರ್‌ಗೆ ತುಂಬಿ, ಮೇಲೆ ಪೆನ್ನಲ್ಲಿ 1-1-1 ಅಂತ ಗೀಚಿ ಕೊಟ್ಟ. 180 ರೂಪಾಯಿ. ಬಿಲ್ ಇಲ್ಲ.

ಮಾತ್ರೆ ನುಂಗಿದ ಮೇಲೆ ಅಪ್ಪನಿಗೆ ಎದೆ ಡವಡವ, ಬಿಪಿ ಜಾಸ್ತಿ. ಡಾಕ್ಟರ್ ಹತ್ತಿರ ಓಡಿದೆವು. "ಯಾವ ಮಾತ್ರೆ ಕೊಟ್ಟಿದ್ದೀರಿ?" ಅಂದರು. ಕವರ್ ಮೇಜಿನ ಮೇಲೆ ಸುರಿದೆ. ಅಯ್ಯೋ, ಒಂದು ತುಂಡಿನ ಮೇಲೆ ಅರ್ಧ ಹೆಸರು, ಇನ್ನೊಂದರ ಮೇಲೆ ಇರುವೆಯಷ್ಟು ಸಣ್ಣ ಅಕ್ಷರದ ಬಾಲ. ಎಕ್ಸ್‌ಪೈರಿ ಇರೋ ತುದಿ ಅಂಗಡಿಯಲ್ಲೇ ಉಳಿದಿದೆ! ನಾಲ್ಕು ಜನರ ಎದುರು ಬಾಯಿ ಬರಲಿಲ್ಲ.

ಡಾಕ್ಟರೇ ಅಕ್ಷರ ಜೋಡಿಸಿ ಕಂಡುಹಿಡಿದರು. ನೆಗಡಿ ಮಾತ್ರೆಯಲ್ಲೇ ಜ್ವರದ ಔಷಧಿ ಪ್ಯಾರಸಿಟಮಾಲ್ 500 ಇದೆ, ಅದರ ಜೊತೆ ಪ್ಯಾರಸಿಟಮಾಲ್ 650 ಬೇರೆ! ದಿನಕ್ಕೆ ಮೂರು ಹೊತ್ತು ಅಂದರೆ 3450 ಮಿಲಿಗ್ರಾಂ. ಸಾಲದ್ದಕ್ಕೆ ನೆಗಡಿ ಮಾತ್ರೆಯಲ್ಲಿ ಫೆನೈಲೆಫ್ರಿನ್, ಕಟ್ಟಿದ ಮೂಗು ಬಿಡಿಸೋ ಔಷಧಿ. ಅದು ಬಿಪಿ ಏರಿಸುತ್ತದೆ. ಮೂರನೆಯದು ಸೆಫಿಕ್ಸಿಮ್, ಆಂಟಿಬಯೋಟಿಕ್. ಸುಮ್ನೆ ಒಂದು ನೆಗಡಿಗೆ! ಅದನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರುವ ಹಾಗೇ ಇಲ್ಲ. 2014ರಿಂದ ಅದನ್ನು ಮಾರಿದರೆ ಅಂಗಡಿಯವರು ಡಾಕ್ಟರ್ ಹೆಸರು, ಪೇಷೆಂಟ್ ಹೆಸರು ರಿಜಿಸ್ಟರ್‌ನಲ್ಲಿ ಬರೆಯಬೇಕು. ಇವನು ಅಪ್ಪನ ಹೆಸರನ್ನೂ ಕೇಳಿಲ್ಲ.

ವಾಪಸ್ ಹೋಗಿ ಕೇಳಿದೆ.

"ಎಲ್ಲರಿಗೂ ಇದೇ ಕೊಡೋದು ಸಾರ್, ಯಾರಿಗೂ ಏನೂ ಆಗಿಲ್ಲ."

ಬಿಲ್ ಕೊಡಪ್ಪಾ ಅಂದೆ.

"ಆಗಲೇ ಕೇಳ್ಬೇಕಿತ್ತು ಸಾರ್."

ಫಾರ್ಮಸಿಸ್ಟ್ ಎಲ್ಲಿ? ಗೋಡೆ ಮೇಲಿನ ಸರ್ಟಿಫಿಕೇಟಿನ ಫೋಟೊ ತೋರಿಸಿದ. "ಅವರೇ ಸಾರ್." ಯಾವಾಗ ಬರ್ತಾರೆ? "ಬರ್ತಾರೆ ಸಾರ್."

ಉಳಿದ ಮಾತ್ರೆ ಮುಂದಿಟ್ಟರೆ, "ಕಟ್ ಮಾಡಿದ್ದು ವಾಪಸ್ ತಗೊಳ್ಳಲ್ಲ." ಕಟ್ ಮಾಡಿದ್ದು ಯಾರಪ್ಪಾ? ನಾನಾ?

ಬಿಲ್ ಕೈಗೆ ಬರದೆ ದುಡ್ಡು ಕೊಡಬೇಡಿ. ಅದರಲ್ಲಿ ಬ್ಯಾಚ್ ನಂಬರ್, ಎಕ್ಸ್‌ಪೈರಿ ಇರಲಿ. ಪ್ಯಾರಸಿಟಮಾಲ್ ಪೂರ್ತಿ ಸ್ಟ್ರಿಪ್ಪೇ ತಗೊಳ್ಳಿ, ಜನೌಷಧಿ ಕೇಂದ್ರದಲ್ಲಿ ಇನ್ನೂ ಅಗ್ಗ. ಸ್ಟ್ರಿಪ್ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಡಾಕ್ಟರ್ ಹೇಳದೆ ಮುಟ್ಟಲೇಬೇಡಿ.

ಡ್ರಗ್ ಇನ್ಸ್‌ಪೆಕ್ಟರ್‌ಗೆ ದೂರು ಕೊಡೋಣ ಅಂತ ಕೂತರೆ ಕೈಯಲ್ಲಿ ಬಿಲ್ಲೇ ಇಲ್ಲ. ಕವರ್ ಮೇಲೆ ಅಂಗಡಿ ಹೆಸರೂ ಇಲ್ಲ, ಬರೀ 1-1-1.